ಗಾಯಕ್ಕೆ ಆಲೂಗಡ್ಡೆ ಫಿಲ್ಮ್: ಟನ್ ಲೆಕ್ಕ ಬಿಡಿ, ಡಬ್ಬಿಯ ಮೇಲಿನ ಚೀಟಿ ನೋಡಿ

ಆಲೂಗಡ್ಡೆ ಗಂಜಿ, ಹೊಂಗೆ ಎಣ್ಣೆ, ಒಂಚೂರು ನ್ಯಾನೋ ಬೆಳ್ಳಿ. ಮೂರನ್ನೂ ಕಲಸಿ ತೆಳ್ಳಗೆ ಹರಡಿ ಒಣಗಿಸಿದರೆ ಗಾಯದ ಮೇಲೆ ಅಂಟಿಸುವ ಫಿಲ್ಮ್ ರೆಡಿ ಅಂತ ಹೇಳುವ ವಿಡಿಯೋಗಳು ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿವೆ. ನೋಡಿದವರು ಫೋನ್ ಮಾಡಿ ಕೇಳೋದು ಒಂದೇ ಮಾತು: "ಅಣ್ಣಾ, ಇದರಿಂದ ನಮ್ಮ ಆಲೂಗಡ್ಡೆಗೆ ರೇಟ್ ಬರುತ್ತಾ? ಹೊಂಗೆ ಬೀಜ ಯಾರಾದ್ರೂ ತಗೋತಾರಾ?"

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಫಿಲ್ಮ್ ನಿಜ. ಟನ್‌ಗಟ್ಟಲೆ ಖರೀದಿ ಆಗುತ್ತೆ ಅನ್ನೋದು ಸುಳ್ಳು. ನಮಗೆ ಅಲ್ಲಿ ಜಾಗ ಇದೆ, ಆದರೆ ಅದು ತೂಕದ ಜಾಗ ಅಲ್ಲ, ಶುದ್ಧತೆಯ ಜಾಗ. ಇನ್ನೊಂದು ಮಾತು, ಇದನ್ನು ವಿಜ್ಞಾನಿಗಳಿಗೂ ಹೇಳಬೇಕು: ಈ ಫಿಲ್ಮ್ ಆಸ್ಪತ್ರೆಗಿಂತ ಮೊದಲು ನಮ್ಮ ಕೊಟ್ಟಿಗೆಗೆ ಬರಲಿ.

ಮೊದಲು ಇದೇನು ಅಂತ ನೋಡೋಣ. ಮನೆಯಲ್ಲಿ ಅಕ್ಕಿ ಸಂಡಿಗೆ ಹಾಕೋದು ನೋಡಿದ್ದೀರಲ್ಲ? ಹಿಟ್ಟನ್ನು ನೀರಲ್ಲಿ ಕಾಯಿಸಿ, ಗಟ್ಟಿಯಾದ ಮೇಲೆ ಬಟ್ಟೆಯ ಮೇಲೆ ತೆಳ್ಳಗೆ ಬಿಟ್ಟು ಒಣಗಿಸ್ತಾರೆ. ಪ್ರಯೋಗಾಲಯದಲ್ಲಿ ಮಾಡೋದೂ ಹೆಚ್ಚುಕಡಿಮೆ ಅದೇ. ಆಲೂಗಡ್ಡೆ ಪಿಷ್ಟವನ್ನು ನೀರಲ್ಲಿ ಕದಡಿ ಬಿಸಿ ಮಾಡಿದರೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕಾಳುಗಳು ಉಬ್ಬಿ ಒಡೆದು ಗಂಜಿ ಆಗುತ್ತೆ. ಹಾಗೇ ಒಣಗಿಸಿದರೆ ಹಪ್ಪಳದ ಥರ ಪುಡಿಯಾಗುತ್ತೆ, ಅದಕ್ಕೇ ಗ್ಲಿಸರಿನ್ ಸೇರಿಸ್ತಾರೆ. ಆಗ ಬಗ್ಗುತ್ತೆ, ಮುರಿಯಲ್ಲ. ಎಣ್ಣೆ ಹಾಕಬೇಕಾದರೆ ಹಾಲಿನಲ್ಲಿ ಕೊಬ್ಬು ಇರುವ ಹಾಗೆ ಸಣ್ಣ ಸಣ್ಣ ಹನಿಯಾಗಿ ಒಡೆದು ಬೆರೆಸಬೇಕು, ಇಲ್ಲದಿದ್ದರೆ ಮೇಲೆ ತೇಲುತ್ತೆ. ಸಪಾಟು ತಟ್ಟೆಯಲ್ಲಿ ಸುರಿದು ಒಣಗಿಸಿ ಕಿತ್ತರೆ ಫಿಲ್ಮ್.

ಬರೀ ಪಿಷ್ಟದ ಫಿಲ್ಮ್ ಒದ್ದೆ ಗಾಯದ ಮೇಲೆ ನಿಲ್ಲಲ್ಲ, ಕರಗಿ ಲೋಳೆ ಆಗುತ್ತೆ. ಅದಕ್ಕೆ ಜೊತೆಗೆ ಇನ್ನೊಂದು ಗಟ್ಟಿ ಪದಾರ್ಥ ಬೇಕು. ಹೆಚ್ಚಾಗಿ ಬಳಸೋದು ಚಿಟೋಸಾನ್. ಸೀಗಡಿ, ಏಡಿಯ ಚಿಪ್ಪಿನಿಂದ ತೆಗೆಯುವ ಪದಾರ್ಥ ಇದು, ವಿನೆಗರ್‌ನಂಥ ತೆಳು ಆಮ್ಲದಲ್ಲಿ ಕರಗುತ್ತೆ. ಅದಕ್ಕೆ ಧನ ವಿದ್ಯುದಂಶ ಇರುವುದರಿಂದ ರಕ್ತಕಣಗಳನ್ನು ಎಳೆದು ಹಿಡಿದು ರಕ್ತ ಬೇಗ ನಿಲ್ಲಿಸುತ್ತೆ. ನಮ್ಮ ದೇಶದಲ್ಲೇ ಆಕ್ಸಿಯೋ ಬಯೋಸೊಲ್ಯೂಷನ್ಸ್ ಕಂಪನಿ ಇದೇ ಚಿಟೋಸಾನ್‌ನಿಂದ ಆಕ್ಸಿಯೋಸ್ಟ್ಯಾಟ್ ಅನ್ನೋ ರಕ್ತ ನಿಲ್ಲಿಸುವ ಪಟ್ಟಿ ಮಾಡಿ ಮಾರುತ್ತಿದೆ. ಸೀಗಡಿ ಅಂದರೆ ಮುಖ ಸಿಂಡರಿಸುವವರಿಗೆ ಒಂದು ಮಾತು: ಅಣಬೆಯ ಗೋಡೆಯಲ್ಲೂ ಇದೇ ಜಾತಿಯ ಪದಾರ್ಥ ಇದೆ, ಅದರಿಂದಲೂ ತೆಗೀತಾರೆ.

ಗಾಯಕ್ಕೆ ಫಿಲ್ಮ್ ಯಾಕೆ, ಬಟ್ಟೆ ಸಾಲದಾ ಅಂತ ಕೇಳಬಹುದು. ನಮ್ಮೂರಲ್ಲಿ ಗಾಯ ಆದರೆ "ಗಾಳಿಯಾಡಲಿ ಬಿಡು, ಒಣಗುತ್ತೆ" ಅಂತಾರೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದಕ್ಕೆ ತದ್ವಿರುದ್ಧ. ತೆಳು ಫಿಲ್ಮ್ ಮುಚ್ಚಿ ತೇವ ಉಳಿಸಿದ ಗಾಯಕ್ಕೆ ಹೊಸ ಚರ್ಮ, ಗಾಳಿಗೆ ಬಿಟ್ಟು ಹೊಕ್ಕು ಕಟ್ಟಿದ ಗಾಯಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಬಂತು. ಬಟ್ಟೆ ಗಾಯಕ್ಕೆ ಅಂಟಿಕೊಂಡು, ಕೀಳುವಾಗ ಹೊಸ ಚರ್ಮವನ್ನೂ ಕಿತ್ತು ತರುತ್ತೆ. ಒಳ್ಳೆಯ ಫಿಲ್ಮ್ ಆವಿಯನ್ನು ಹೊರಗೆ ಬಿಡುತ್ತೆ, ಕೊಳೆಯನ್ನು ಒಳಗೆ ಬಿಡಲ್ಲ. ಹೊಳೆನರಸೀಪುರದ ಕಡೆ ಗದ್ದೆ ನಾಟಿಗೆ ಇಳಿದು ಕೆಸರುಹುಣ್ಣು ಮಾಡಿಕೊಂಡವರಿಗೆ ಇದರ ಬೆಲೆ ಗೊತ್ತು. (ಸಕ್ಕರೆ ಕಾಯಿಲೆ ಇರುವವರ ಕಾಲಿನ ಗಾಯಕ್ಕೆ ಮಾತ್ರ ಯಾವ ಮನೆಮದ್ದೂ ಬೇಡ, ಯಾವ ವಿಡಿಯೋನೂ ಬೇಡ. ಅವತ್ತೇ ಆಸ್ಪತ್ರೆ.)

ಈಗ ಲೆಕ್ಕಕ್ಕೆ ಬನ್ನಿ

ವಿಡಿಯೋದವರು ಹೇಳದ ಲೆಕ್ಕ ಇದು. ಮೊಬೈಲ್‌ನಲ್ಲೇ ಕ್ಯಾಲ್ಕುಲೇಟರ್ ಇದೆ, ನೀವೂ ಹಾಕಿ ನೋಡಿ.

10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ, 0.1 ಮಿ.ಮೀ. ದಪ್ಪದ ಒಂದು ಪಟ್ಟಿ. ಗಾತ್ರ 1 ಘನ ಸೆಂ.ಮೀ. ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಗ್ರಾಂ. ಗ್ಲಿಸರಿನ್ ಕಳೆದರೆ ಪಿಷ್ಟ ಹೆಚ್ಚೆಂದರೆ 1 ಗ್ರಾಂ. 1 ಟನ್ ಆಲೂಗಡ್ಡೆಯಿಂದ ನಷ್ಟ ಕಳೆದು 100 ಕೆ.ಜಿ. ಪಿಷ್ಟ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಅಂದರೆ ಒಂದೇ ಟನ್‌ಗೆ 1 ಲಕ್ಷ ಪಟ್ಟಿ! ಹಾಸನ ಮಾರುಕಟ್ಟೆಗೆ ಬರುವ ಒಂದು ಲಾರಿ ಆಲೂಗಡ್ಡೆ ಇಡೀ ಜಿಲ್ಲೆಯ ಗಾಯಗಳಿಗೆ ಎಷ್ಟು ಕಾಲ ಸಾಕಾಗುತ್ತೆ ಅಂತ ನೀವೇ ಯೋಚನೆ ಮಾಡಿ.

ಎಣ್ಣೆ ಲೆಕ್ಕ ಇನ್ನೂ ಸಣ್ಣದು. ಪಟ್ಟಿಯ ತೂಕದಲ್ಲಿ ನೂರಕ್ಕೆ ಐದು ಭಾಗ ಎಣ್ಣೆ ಅಂದರೂ ಒಂದಕ್ಕೆ 60, 70 ಮಿಲಿಗ್ರಾಂ. 1 ಲಕ್ಷ ಪಟ್ಟಿಗೆ ಏಳು ಲೀಟರ್ ಎಣ್ಣೆ. ಮೂರ್ನಾಲ್ಕು ಕೆ.ಜಿ. ಹೊಂಗೆ ಬೀಜಕ್ಕೆ ಒಂದು ಲೀಟರ್ ಬಂದರೆ, ಬದುವಿನ ಒಂದೆರಡು ದೊಡ್ಡ ಮರದ ಬೀಜ ಸಾಕು.

ಹಾಗಾಗಿ "ನಮ್ಮ ಕಂಪನಿ ಗಾಯದ ಫಿಲ್ಮ್‌ಗೆ ಎಕರೆಗಟ್ಟಲೆ ಬೈಬ್ಯಾಕ್ ಕೊಡುತ್ತೆ, ಮೊದಲು ಸಸಿಗೆ ದುಡ್ಡು ಕಟ್ಟಿ" ಅಂತ ಯಾರಾದರೂ ಬಂದರೆ ಈ ಲೆಕ್ಕವನ್ನು ಅವರ ಮುಂದೆ ಇಡಿ. ಉತ್ತರ ಬರೋ ಮೊದಲು ಬೈಕ್ ಸ್ಟಾರ್ಟ್ ಆಗುತ್ತೆ.

ಆಲೂಗಡ್ಡೆ ಬೆಳೆಗಾರರ ಸಂಕಟ ನನಗೆ ಗೊತ್ತಿದೆ. ಮೇ ತಿಂಗಳಲ್ಲಿ ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆಗೆ ಹಾಸನದಲ್ಲಿ ದುಬಾರಿ ಕೊಟ್ಟು, ಮಳೆ ಹಿಡಿದರೆ ಅಂಗಮಾರಿಗೆ ಕೊಟ್ಟು, ಉಳಿದ ಗಡ್ಡೆಗೆ ಕೇಳಿದ ರೇಟ್ ಸಿಗದೆ ನಿಂತವರು ಯಾವ ಹೊಸ ಮಾತಿಗೂ ಕಿವಿ ಕೊಡ್ತಾರೆ. ಅದಕ್ಕೇ ಈ ಲೆಕ್ಕವನ್ನು ಇಷ್ಟು ಉದ್ದ ಬರೆದೆ. ಆ ಸಂಕಟಕ್ಕೆ ಮದ್ದು ಬೇರೆ ಕಡೆ ಇದೆ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಬೇರು ಬಂದ ಕುಡಿಸಸಿಯಿಂದ ರೋಗವಿಲ್ಲದ ಬಿತ್ತನೆ ಗಡ್ಡೆ ಮಾಡುವ ಕೆಲಸ ನಡೆದಿದೆ. ಆಲೂಗಡ್ಡೆಯಲ್ಲಿ ದುಡ್ಡು ಉಳಿಯಬೇಕಾದರೆ ಅದು ಗಾಯದ ಪಟ್ಟಿಗಿಂತ ನೂರು ಪಾಲು ಹತ್ತಿರದ ದಾರಿ.

ಫಿಲ್ಮ್ ಬಗ್ಗೆ ತೋಟಗಾರಿಕೆಯವನಾಗಿ ನನಗೆ ಇನ್ನೊಂದು ಆಸಕ್ತಿ ಇದೆ. ಇದೇ ಫಿಲ್ಮ್ ಹಣ್ಣಿಗೂ ಆಗುತ್ತೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆರ್.ಎನ್. ಥರನಾಥನ್ ಮತ್ತು ಅವರ ಜೊತೆಗಾರರು ಚಿಟೋಸಾನ್ ಫಿಲ್ಮ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2002ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮಾವಿನಹಣ್ಣಿನ ಪೆಟ್ಟಿಗೆಯ ಮೇಲ್ಭಾಗಕ್ಕೆ ಈ ಫಿಲ್ಮ್ ಹೊದಿಸಿ ನೋಡಿದ್ದರು. ಹಣ್ಣು 18 ದಿನದವರೆಗೆ ಬೂಸ್ಟು, ಕೆಟ್ಟ ವಾಸನೆ ಇಲ್ಲದೆ ಉಳಿಯಿತು. ಫಿಲ್ಮ್‌ಗೆ ಏನು ಬೆರೆಸಿದರೆ ಎಷ್ಟು ಬಗ್ಗುತ್ತೆ, ಎಷ್ಟು ಆವಿ ಬಿಡುತ್ತೆ ಅನ್ನೋದನ್ನೂ ಅಲ್ಲಿ ಅಳೆದಿದ್ದಾರೆ. ಗಾಯಕ್ಕೂ ಬೇಕಾದ ಪ್ರಶ್ನೆ ಅದೇ. ಹೊಳೆನರಸೀಪುರದಿಂದ ಬೆಳಿಗ್ಗೆ ಬಸ್ ಹತ್ತಿದರೆ ಮೈಸೂರು ಎಷ್ಟು ದೂರ?

ರೇಷ್ಮೆಗೂಡು ಈಗಾಗಲೇ ದಾಟಿದೆ

ನಮ್ಮ ಹೊಲದ ಪದಾರ್ಥವೊಂದು ನಿಜಕ್ಕೂ ಗಾಯದ ಪಟ್ಟಿಯಾಗಿ ಅಂಗಡಿ ತಲುಪಿದ್ದು ನೋಡಬೇಕೆಂದರೆ ಆಲೂಗಡ್ಡೆ ಅಲ್ಲ, ರೇಷ್ಮೆ ನೋಡಿ. ಬೆಂಗಳೂರಿನ ಫೈಬ್ರೋಹೀಲ್ ಕಂಪನಿ ರೇಷ್ಮೆಯ ಪ್ರೋಟೀನ್‌ನಿಂದ ಗಾಯದ ಡ್ರೆಸ್ಸಿಂಗ್ ಮಾಡಿ ಮಾರುತ್ತಿದೆ. ರೇಷ್ಮೆಯೂ ಜೈವಿಕ ಪಾಲಿಮರ್ರೇ. ಗೂಡಿನಲ್ಲಿ ಸುಮಾರು ಮುಕ್ಕಾಲು ಪಾಲು ಫೈಬ್ರೋಯಿನ್ ಅನ್ನೋ ಎಳೆ, ಉಳಿದ ಕಾಲು ಪಾಲು ಸೆರಿಸಿನ್ ಅನ್ನೋ ಅಂಟು. ಈ ಅಂಟನ್ನು ನೂಲಿನಿಂದ ತೆಗೆಯುವಾಗ ಬಿಸಿನೀರಿನ ಜೊತೆ ಚರಂಡಿಗೆ ಬಿಡ್ತಾರೆ. ಬಿಚ್ಚಾಣಿಕೆಗೆ ಬಾರದ ಗೂಡು, ಚಿಟ್ಟೆ ತೂತು ಮಾಡಿ ಹೊರಬಂದ ಗೂಡು, ಇವೂ ಪ್ರೋಟೀನ್ ತೆಗೆಯಲು ಆಗುತ್ತವೆ, ಯಾಕೆಂದರೆ ಇಲ್ಲಿ ಉದ್ದ ಎಳೆ ಬೇಕಾಗಿಲ್ಲ, ಕರಗಿಸೋದೇ ಕೆಲಸ.

ರೇಷ್ಮೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ. ರೇಷ್ಮೆಹುಳು ಕೀಟನಾಶಕ ತಡೆಯಲ್ಲ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿ ಗಾಳಿಗೆ ಬಂದು ಸೊಪ್ಪಿಗೆ ತಗುಲಿದರೂ ಹುಳು ಸಾಯುತ್ತೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತ, ತಂಬಾಕು ಹರಾಜು ಮಾರುಕಟ್ಟೆ ಇರುವ ಕಡೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪಿನ ಪಕ್ಕ ಹಿಪ್ಪುನೇರಳೆ ಇಟ್ಟರೆ ನಿಕೋಟಿನ್ ತಗುಲಿದ ಸೊಪ್ಪು ತಿಂದ ಹುಳು ವಾಂತಿ ಮಾಡಿಕೊಂಡು ಒದ್ದಾಡುತ್ತೆ. ಅಂದರೆ ಒಳ್ಳೆಯ ಗೂಡು ಕಟ್ಟಿದ ಹುಳು ಸೊಪ್ಪಿನ ಪರೀಕ್ಷೆಯನ್ನು ತಾನೇ ಮಾಡಿ ಕೊಟ್ಟಿದೆ. ಪ್ರಯೋಗಾಲಯದ ವರದಿಗೆ ಅದು ಸಮ ಅಲ್ಲ. ಆದರೂ ಇಷ್ಟು ಕಟ್ಟುನಿಟ್ಟಿನ ಇನ್‌ಸ್ಪೆಕ್ಟರ್ ಬೇರೆ ಯಾವ ಬೆಳೆಗೂ ಇಲ್ಲ.

ಎಣ್ಣೆಗೆ ಅಂಥ ಇನ್‌ಸ್ಪೆಕ್ಟರ್ ಇಲ್ಲ, ಅದನ್ನು ನಾವೇ ಮಾಡಬೇಕು. ಚನ್ನರಾಯಪಟ್ಟಣದ ಕಡೆಯ ಕೊಬ್ಬರಿಯನ್ನೇ ತಗೊಳ್ಳಿ. ಚೆನ್ನಾಗಿ ಒಣಗದೆ ಬೂಸ್ಟು ಬಂದ ಕೊಬ್ಬರಿ, ಬಿಳಿ ಕಾಣಲಿ ಅಂತ ಗಂಧಕದ ಹೊಗೆ ಕೊಟ್ಟ ಕೊಬ್ಬರಿ, ಡಾಂಬರು ರಸ್ತೆ ಮೇಲೆ ಹರಡಿದ ಕೊಬ್ಬರಿ, ಮೂರೂ ಗಾಣಕ್ಕೆ ಹೋದ ಮೇಲೆ ಒಂದೇ ಥರ ಎಣ್ಣೆ ಆಗಿ ಕಾಣುತ್ತೆ. ತಲೆಗೆ ಹಚ್ಚಿಕೊಳ್ಳೋಕೆ ನಡೆದೀತು. ತೆರೆದ ಗಾಯದ ಮೇಲೆ ನಡೆಯಲ್ಲ. ಬೂಸ್ಟಿನ ವಿಷ, ಔಷಧಿಯ ಶೇಷ, ಆಮ್ಲದ ಅಂಶ, ತೇವ, ಹೀಗೆ ಒಂದೊಂದನ್ನೂ ಲ್ಯಾಬ್ ಕೇಳುತ್ತೆ. ಅದಕ್ಕಿಂತ ಮೊದಲು ಕೇಳೋದು: ಈ ಡಬ್ಬಿ ಯಾವ ತೋಟದ್ದು, ಯಾವ ದಿನ ಗಾಣಕ್ಕೆ ಹಾಕಿದ್ದು, ಹಿಂದಿನ ಡಬ್ಬಿಗೂ ಇದಕ್ಕೂ ವ್ಯತ್ಯಾಸ ಎಷ್ಟು?

ಸಾವಯವ ದೃಢೀಕರಣಕ್ಕೆ ಡೈರಿ ಬರೆದು ಬರೆದು ಬೇಸತ್ತ ನನ್ನಂಥವರಿಗೆ ಇಲ್ಲಿ ಒಂದು ಲಾಭ ಇದೆ. ಯಾವ ಸರ್ವೆ ನಂಬರು, ಏನು ಹಾಕಿದ್ದು, ಯಾವತ್ತು ಕೊಯ್ದಿದ್ದು, ಎಲ್ಲ ನಮ್ಮ ಹತ್ತಿರ ಬರಹದಲ್ಲಿದೆ. ಇಪ್ಪತ್ತು ಮಂದಿ ಸೇರಿದ ಒಂದು ಗುಂಪು ಏಳು ಲೀಟರ್ ಎಣ್ಣೆಯನ್ನು ಹುಟ್ಟಿದ ಊರು, ದಿನ ಸಮೇತ ಕೊಡಬಲ್ಲದು ಅಂದರೆ, ಟನ್ ಕೊಡುವ ದೊಡ್ಡ ವ್ಯಾಪಾರಿಗಿಂತ ಆ ಏಳು ಲೀಟರ್‌ಗೆ ಬೆಲೆ ಹೆಚ್ಚು. ಇದರಿಂದ ಊರೆಲ್ಲಾ ಶ್ರೀಮಂತ ಆಗಲ್ಲ. ಆದರೆ ಅದೇ ಶುದ್ಧ ಎಣ್ಣೆ ಸಾಬೂನಿಗೆ, ಮಕ್ಕಳ ಮೈಗೆ ಹಚ್ಚುವ ಎಣ್ಣೆಗೆ, ಊಟದ ಎಣ್ಣೆಗೆ ಕೂಡ ಒಳ್ಳೆಯ ದರ ತರುತ್ತೆ. ಗಾಯದ ಫಿಲ್ಮ್ ಅದರ ಅತಿ ಕಷ್ಟದ ಪರೀಕ್ಷೆ ಅಷ್ಟೆ.

ನೀವೇ ಮನೆಯಲ್ಲಿ ಫಿಲ್ಮ್ ಮಾಡಿ ಮಾರೋ ಯೋಚನೆ ಇದ್ದರೆ ಬಿಡಿ. ಗಾಯದ ಪಟ್ಟಿ ಕಾನೂನಿನ ಪ್ರಕಾರ ವೈದ್ಯಕೀಯ ಸಾಧನ, 2017ರ ವೈದ್ಯಕೀಯ ಸಾಧನಗಳ ನಿಯಮ ಅದಕ್ಕೆ ಅನ್ವಯ. ಪರವಾನಗಿ ಬೇಕು, ಚರ್ಮಕ್ಕೆ ಒಗ್ಗುತ್ತಾ ಅನ್ನೋ ಪರೀಕ್ಷೆ ಬೇಕು, ಕ್ರಿಮಿಶುದ್ಧ ಮಾಡಬೇಕು. ಕುಕ್ಕರ್‌ನಲ್ಲಿ ಹಬೆ ಕೊಟ್ಟರೆ ಪಿಷ್ಟದ ಫಿಲ್ಮ್ ಮತ್ತೆ ಗಂಜಿಯಾಗುತ್ತೆ. ಅದಕ್ಕೆ ಗಾಮಾ ಕಿರಣವೋ ವಿಶೇಷ ಅನಿಲವೋ ಬೇಕು. ಅದು ನಮ್ಮ ಹಿತ್ತಲಿನ ಕೆಲಸ ಅಲ್ಲ.

ನ್ಯಾನೋ ಅನ್ನೋ ಬೋರ್ಡು

2021ರಲ್ಲಿ ಇಫ್ಕೋ ನ್ಯಾನೋ ಯೂರಿಯಾ ಬಂದ ಮೇಲೆ ಈ ಪದ ಹಳ್ಳಿ ಹಳ್ಳಿಗೆ ಗೊತ್ತಾಯ್ತು. ಈಗ ಗೊಬ್ಬರದಂಗಡಿಯಲ್ಲಿ ಹೆಸರಿಲ್ಲದ ಎಷ್ಟೋ ಬಾಟಲಿ ಮೇಲೆ ನ್ಯಾನೋ ಅಂತ ಬರೆದಿರುತ್ತೆ. ನ್ಯಾನೋ ಅಂದರೆ ಅಳತೆ ಮಾತ್ರ. 1 ನ್ಯಾನೋಮೀಟರ್ ಅಂದರೆ ಒಂದು ಮಿಲಿಮೀಟರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ. 100 ನ್ಯಾನೋಮೀಟರ್‌ಗಿಂತ ಸಣ್ಣ ಕಣ ಇದ್ದರೆ ಸಾಮಾನ್ಯವಾಗಿ ಆ ಹೆಸರು. ಕಣ ಸಣ್ಣದಾದಷ್ಟೂ ಅದೇ ತೂಕಕ್ಕೆ ಮೈ ಹೆಚ್ಚು, ಅದಕ್ಕೇ ಸ್ವಲ್ಪ ಬೆಳ್ಳಿಯೂ ಹೆಚ್ಚು ಕ್ರಿಮಿ ಕೊಲ್ಲುತ್ತೆ.

ಬೆಳ್ಳಿ ಹೊಸದೇನಲ್ಲ. ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ಹಚ್ಚುವ ಬಿಳಿ ಕ್ರೀಮಿನಲ್ಲಿ ಬೆಳ್ಳಿ ಇದೆ. ಸತುವಿನ ಆಕ್ಸೈಡ್ ಕ್ಯಾಲಮೈನ್ ಲೋಷನ್‌ನಲ್ಲಿ ಇದೆ. ಬೇವಿನ ಎಲೆ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಹಾಕಿ, ಬಣ್ಣ ಹಳದಿಯಿಂದ ಕಂದಾದಾಗ ನ್ಯಾನೋ ಬೆಳ್ಳಿ ಆಯ್ತು ಅನ್ನೋದು ಈಗ ಕಾಲೇಜು ಪ್ರಾಜೆಕ್ಟುಗಳ ಮಾಮೂಲಿ ವಿಷಯ. ಬಣ್ಣ ಬಂದಿತು ಅಂದ ಮಾತ್ರಕ್ಕೆ ಅದು ಔಷಧಿ ಆಗಲ್ಲ. ಕಣದ ಗಾತ್ರ ಎಷ್ಟು, ಉಳಿದ ಸಿಲ್ವರ್ ನೈಟ್ರೇಟ್ ಎಷ್ಟು ಅನ್ನೋದು ಕಣ್ಣಿಗೆ ಕಾಣಲ್ಲ. ಪ್ರಮಾಣ ಮೀರಿದ ಬೆಳ್ಳಿ ಕ್ರಿಮಿಯ ಜೊತೆ ಹೊಸ ಚರ್ಮದ ಕಣವನ್ನೂ ಕೊಲ್ಲುತ್ತೆ, ಗಾಯ ಮಾಯೋದು ತಡವಾಗುತ್ತೆ. ನನಗೆ ಇನ್ನೊಂದು ಚಿಂತೆ ಮಣ್ಣಿನದು: ಕ್ರಿಮಿ ಕೊಲ್ಲುವ ಪದಾರ್ಥಕ್ಕೆ ಒಳ್ಳೆಯ ಕ್ರಿಮಿ ಯಾವುದು ಅಂತ ಗೊತ್ತಾಗಲ್ಲ. ಬೆಳ್ಳಿ ಇರುವ ಪಟ್ಟಿ ಬಳಸಿದ ಮೇಲೆ ತಿಪ್ಪೆಗೆ ಎಸೆಯೋದು ಬೇಡ.

ಕೊಟ್ಟಿಗೆಗೆ ಮೊದಲು ಯಾಕೆ

ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಬೆಳೆ ಕೈಕೊಟ್ಟ ವರ್ಷ ಮನೆ ನಡೆಸೋದು ಹಾಲಿನ ದುಡ್ಡು. 2013ರ ಕಾಲುಬಾಯಿ ಜ್ವರದಲ್ಲಿ ರಾಜ್ಯದಲ್ಲಿ ಸಾವಿರಾರು ದನ ಸತ್ತವು. 2022ರಲ್ಲಿ ಚರ್ಮಗಂಟು ರೋಗ ಬಂತು. ಎರಡರಲ್ಲೂ ಉಳಿದ ಹಸುವಿಗೆ ಮುಂದೆ ಕಾಟ ಕೊಟ್ಟಿದ್ದು ಗಾಯ. ಗೊರಸಿನ ಸಂದಿಯಲ್ಲಿ ಹುಳು ಬೀಳೋದು, ಕೆಚ್ಚಲಿನ ತೊಟ್ಟು ಒಡೆಯೋದು, ಗಂಟು ಒಡೆದು ತೂತಾಗೋದು. ಬಟ್ಟೆ ಕಟ್ಟಿದರೆ ಸಂಜೆಗೆ ಸಗಣಿ, ಗಂಜಲದಲ್ಲಿ ನೆನೆದು ಬಿದ್ದಿರುತ್ತೆ. ಆಂಟಿಬಯೋಟಿಕ್ ಕೊಟ್ಟರೆ ಅಷ್ಟು ದಿನದ ಹಾಲನ್ನು ಡೈರಿಗೆ ಹಾಕುವ ಹಾಗಿಲ್ಲ.

ಇಂಥ ಗಾಯಕ್ಕೆ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ಒಂದು ಮನೆಮದ್ದನ್ನು ಪ್ರಚಾರ ಮಾಡಿದೆ: ಕುಪ್ಪಿಗಿಡ, ಬೇವು, ತುಳಸಿ, ಗೋರಂಟಿ ಸೊಪ್ಪು, ಬೆಳ್ಳುಳ್ಳಿ, ಅರಿಶಿನ ಅರೆದು ಕೊಬ್ಬರಿ ಎಣ್ಣೆಯಲ್ಲೋ ಎಳ್ಳೆಣ್ಣೆಯಲ್ಲೋ ಕಾಯಿಸಿ ಆರಿಸಿ ಹಚ್ಚೋದು. ನಮ್ಮ ಅಜ್ಜಂದಿರು ಬರೀ ಹೊಂಗೆ ಎಣ್ಣೆ, ಬೇವಿನೆಣ್ಣೆ ಹಚ್ಚುತ್ತಿದ್ದರು, ನೊಣ ಕೂರದಿರಲಿ ಅಂತ. ಇದರ ಒಂದೇ ತೊಂದರೆ ನಿಲ್ಲದಿರೋದು. ಹಚ್ಚಿದ ಅರ್ಧ ಗಂಟೆಗೆ ಒರೆಸಿಹೋಗುತ್ತೆ ಇಲ್ಲಾ ಹಸು ನೆಕ್ಕಿಬಿಡುತ್ತೆ. ಎಣ್ಣೆಯನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡೋದೇ ಫಿಲ್ಮ್‌ನ ಕೆಲಸ ಅಲ್ಲವಾ? ಮನುಷ್ಯರಿಗಿಂತ ನಮ್ಮ ಹಸುವಿಗೆ ಅದರ ಅಗತ್ಯ ಹೆಚ್ಚು.

ಆದರೆ ಹಸುವಿಗೆ ಮಾಡುವ ಫಿಲ್ಮ್ ಬೇರೆ ಥರ ಇರಬೇಕು. ಹಸು ನೆಕ್ಕುತ್ತೆ, ಹಾಲು ಮನುಷ್ಯರು ಕುಡೀತಾರೆ, ಹಾಗಾಗಿ ನನ್ನ ಪ್ರಕಾರ ಅದರಲ್ಲಿ ಬೆಳ್ಳಿ ಬೇಡವೇ ಬೇಡ. ಬೇವಿನ ಕಹಿ ಇದ್ದರೆ ನೆಕ್ಕೋದು ಕಡಿಮೆ ಆದೀತು. ಒದ್ದೆ ಗೊರಸಿನ ಮೇಲೆ ಅಂಟುವ ಹಾಳೆಗಿಂತ, ಬ್ರಷ್‌ನಿಂದ ಬಳಿದು ಒಣಗಿದ ಮೇಲೆ ಫಿಲ್ಮ್ ಆಗುವ ದ್ರಾವಣ ಒಳ್ಳೆಯದು. ಎರಡು ಹೊತ್ತು ಕರೆಯುವ ಮಧ್ಯೆ ನಿಂತರೆ ತೊಟ್ಟಿಗೆ ಸಾಕು, ಗೊರಸಿಗೆ ಎರಡು ದಿನ ನಿಲ್ಲಬೇಕು. ಇದನ್ನು ಹೇಳೋಕೆ ಪಿಎಚ್‌ಡಿ ಬೇಕಾಗಿಲ್ಲ, ದನ ಕಟ್ಟಿದವರಿಗೆಲ್ಲ ಗೊತ್ತು. ಹೇಳಬೇಕಾದ ಜಾಗದಲ್ಲಿ ಹೇಳಬೇಕು ಅಷ್ಟೆ.

ಆ ಜಾಗಗಳೂ ದೂರ ಇಲ್ಲ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ 2007ರಿಂದ ಹೊಂಗೆ, ಬೇವು, ಹಿಪ್ಪೆ ಎಣ್ಣೆ ಮೇಲೆ ಕೆಲಸ ಮಾಡಿದೆ. ಕಾರೆಕೆರೆಯಲ್ಲಿ ಕೃಷಿ ಕಾಲೇಜು, ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ. ಎಲ್ಲವೂ ಒಂದು ಬಸ್ ಚಾರ್ಜಿನ ದೂರ. ವಿದ್ಯಾರ್ಥಿಗಳಿಗೆ ವರ್ಷ ವರ್ಷ ಪ್ರಾಜೆಕ್ಟ್ ವಿಷಯ ಬೇಕು, ನಮ್ಮ ಹತ್ತಿರ ಗಾಯವಿದೆ, ಎಣ್ಣೆಯಿದೆ. ನಿಮ್ಮ ರೈತ ಉತ್ಪಾದಕ ಸಂಸ್ಥೆ ಅಥವಾ ಹಾಲಿನ ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪುಟ ಬರೆದು ಪಶುವೈದ್ಯಕೀಯ ಕಾಲೇಜಿಗೆ ಕೊಡಿ: ನಮ್ಮೂರಲ್ಲಿ ಇಷ್ಟು ಹಸು, ಈ ತಿಂಗಳು ಇಂಥ ಗಾಯ ಇಷ್ಟು, ಈಗ ಹಚ್ಚುತ್ತಿರೋದು ಇದು, ಅದು ಇಷ್ಟು ಹೊತ್ತು ನಿಲ್ಲುತ್ತೆ. ಫೋಟೋ ತೆಗೆಯುವಾಗ ಗಾಯದ ಪಕ್ಕ ಒಂದು ಸ್ಕೇಲ್ ಇಡಿ, ದಿನ ಬಿಟ್ಟು ದಿನ ತೆಗೆಯಿರಿ. ಹಸುವಿನ ಕಿವಿಯೋಲೆ ನಂಬರ್ ಹಾಕಿ. ಇಷ್ಟು ಮಾಹಿತಿ ಇಟ್ಟುಕೊಂಡು ಬಂದ ರೈತನನ್ನು ಯಾವ ಪ್ರೊಫೆಸರೂ ಹೊರಗೆ ನಿಲ್ಲಿಸಲ್ಲ.

ಎಣ್ಣೆ ಕಡೆಯಿಂದ ಶುರು ಮಾಡುವವರು ಬೇಸಿಗೆಯ ಹೊಂಗೆ ಕಾಯಿಯಿಂದ ಶುರು ಮಾಡಿ. ನೆಲಕ್ಕೆ ಬಿದ್ದು ಮಳೆಗೆ ನೆಂದ ಕಾಯಿ ಬೇಡ, ಮರದಲ್ಲೇ ಒಣಗಿದ್ದನ್ನು ಕಿತ್ತು ಟಾರ್ಪಾಲಿನ ಮೇಲೆ ಒಣಗಿಸಿ. ಗಾಣದವರಿಗೆ ಮೊದಲೇ ಹೇಳಿ, ಬೇರೆ ಎಣ್ಣೆ ತೆಗೆದ ಗಾಣವನ್ನು ತೊಳೆದು ನಿಮ್ಮ ಬೀಜ ಹಾಕಲಿ. ಮೊದಲ ಅರ್ಧ ಲೀಟರ್ ಬೇರೆ ತೆಗೆದಿಡಿ, ಅದು ದೀಪಕ್ಕೆ. ಉಳಿದದ್ದನ್ನು ಬಣ್ಣದ ಗಾಜಿನ ಬಾಟಲಿಗೆ ತುಂಬಿ, ಮರ ಇರುವ ಸರ್ವೆ ನಂಬರ್, ಕಿತ್ತ ದಿನ, ಗಾಣದ ದಿನ ಬರೆದು ಅಂಟಿಸಿ, ಒಂದು ಬಾಟಲಿ ಮನೆಯಲ್ಲೇ ಕತ್ತಲಲ್ಲಿ ಇಡಿ. ಆರು ತಿಂಗಳಾದ ಮೇಲೆ ಅದನ್ನು ತೆಗೆದು ಹೊಸ ಎಣ್ಣೆಯ ಪಕ್ಕ ಇಟ್ಟು ಬಣ್ಣ, ವಾಸನೆ ನೋಡಿ, ಫೋಟೋ ಕಳಿಸಿ.